ಹನ್ನೆರಡಕ್ಕೆ ನಿಂತ ಅವ್ವನ ಕಿರಣ ಚಿಕಿತ್ಸೆ

2006ರ ನವೆಂಬರ್ 22, ಬುಧವಾರ. ಅವ್ವನಿಗೆ ಅಂದು ಹದಿಮೂರನೆಯ ಸಲ ಕಿರಣ ಕೊಡಬೇಕಿತ್ತು, ಕೊಡಲಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಒಟ್ಟು ಇಪ್ಪತ್ತೈದು ಸಲ ಎಂದು ಬರೆದಿದ್ದರು. ಗೋವಾದ ವಾಸ್ಕೋದ ನಮ್ಮ ಚಾಳಿನಿಂದ ಪಣಜಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿಬರುವುದು, ಪ್ರತಿ ಸಲಕ್ಕೆ ಡೈರಿಯಲ್ಲಿ ಒಂದು ಗೆರೆ ಎಳೆಯುವುದು. ನನಗಾಗ ಹತ್ತೊಂಬತ್ತು. ಅತ್ತದ್ದು ನೆನಪಿಲ್ಲ, ಗೆರೆ ಎಳೆದದ್ದು ನೆನಪಿದೆ.

ರಕ್ತದ ಹಿಮೋಗ್ಲೋಬಿನ್ ಏಳೂವರೆಗೆ ಇಳಿದಿತ್ತು. ರಕ್ತ ಕಡಿಮೆಯಾದರೆ ಕಿರಣ ಗಡ್ಡೆಯ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ, ನಡುವೆ ಬಹಳ ದಿನ ನಿಲ್ಲಿಸಿದರೂ ಅಪಾಯ ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದರು. ಎರಡು ಬಾಟಲಿ ರಕ್ತ ಏರಿಸಿದರು. "ಮನೆಯಲ್ಲಿ ಏನು ತಿನ್ನುತ್ತಾರೆ?" ಎಂದು ಕೇಳಿದರು.

ಅವ್ವ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಚಿಕಿತ್ಸೆ ಮುಗಿಯುವತನಕ ಮಂಗಳವಾರ, ಶುಕ್ರವಾರ ಪೂರ್ತಿ ಉಪವಾಸ. ಉಳಿದ ದಿನ ಒಪ್ಪತ್ತು. ಆ ಉಪವಾಸಗಳನ್ನೂ ನಾನು ಡೈರಿಯ ಇನ್ನೊಂದು ಬದಿಯಲ್ಲಿ ಎಣಿಸುತ್ತಿದ್ದೆ. ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿದಿದ್ದೆ. ಡಾಕ್ಟರು ಕೇಳಿದ ಮೇಲೆ, ಆ ರಾತ್ರಿ ತಟ್ಟೆ ಅವಳ ಮುಂದಿಟ್ಟೆ.

"ಅವ್ವಾ, ಇವತ್ತರ ಉಣ್ಣ."

"ತಾಯಿಗೆ ಮಾತ ಕೊಟ್ಟೇನಿ. ನಡುವ ಬಿಟ್ರ ನನ್ನ ಬಿಡ್ತಾಳೇನ ಆಕಿ?"

ಗುರುವಾರ ದೇವಿಯ ಪಟದ ಮುಂದೆ ನಿಂತೆ. ಏನೂ ಅನಿಸುತ್ತಿರಲಿಲ್ಲ. ಅವ್ವ ಬದುಕಲಿ ಎಂದು ಬೇಡುವ ಧೈರ್ಯ ಬರಲಿಲ್ಲ. ಅವ್ವ ಉಣ್ಣಲಿ ಎಂದಷ್ಟೇ ಬೇಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ಯಲ್ಲಮ್ಮನ ಸೇವೆಗೆ ನಿಂತ ಜೋಗಮ್ಮ ನೀಲವ್ವ ದೇವಿಯ ಬುಟ್ಟಿ ಹೊತ್ತು ಮನೆಮನೆ ಜೋಗ ಬೇಡುತ್ತ ಬಂದಳು. ನಮ್ಮ ಚಾಳಿನವಳೇ, ಮೂರು ತಿಂಗಳಿಂದ ಊರಲ್ಲಿರಲಿಲ್ಲ. ಅವ್ವನನ್ನು ನೋಡಿದವಳೇ, "ಏನಬೇ ಶಾಂತವ್ವಾ, ಒಣಮೀನ ಆಗಿ ಕುಂತೀಯಲ್ಲ!" ಎಂದಳು.

"ಉಪಾಸ ಐತಿ ಯವ್ವಾ. ಹರಕಿ."

ನೀಲವ್ವ ಬುಟ್ಟಿ ಇಳಿಸಿ ಕುಳಿತಳು. ಅದರೊಳಗಿನ ಕಡುಬು ತೆಗೆದು ಭಂಡಾರದ ಅರಿಶಿನ ಸೋಕಿಸಿ ಅವ್ವನ ಬಾಯಿಯ ಹತ್ತಿರ ಹಿಡಿದಳು. "ತಗೋ. ತಾಯಿ ಪ್ರಸಾದ."

"ಇವತ್ತ ಶುಕ್ರವಾರ..."

"ವಾರ ನನಗ ಕಲಿಸ್ತಿ? ಹರಕಿ ನೀ ಹೊತ್ತದ್ದು, ಪ್ರಸಾದ ಆಕಿ ಕೊಟ್ಟದ್ದು. ಕೊಟ್ಟದ್ದ ಬ್ಯಾಡಂತ ಒಮ್ಮೆ ಅನ್ನು, ನಾ ಎದ್ದ ಹೊಕ್ಕೇನಿ."

ಅವ್ವ ಬಾಯಿ ತೆರೆದಳು. ಒಂದಲ್ಲ, ಮೂರು ಕಡುಬು ತಿಂದಳು.

ಹೋಗುವಾಗ ನೀಲವ್ವ ನನ್ನನ್ನು ಬಾಗಿಲ ಹೊರಗೆ ಕರೆದಳು. "ರೊಟ್ಟಿ, ಕಾಳುಪಲ್ಲೆ, ಶೇಂಗಾ ಉಂಡಿ, ಏನ ಮಾಡ್ತಿ ಮಾಡು. ಮುಂಜಾನಿ ನನ್ನ ಬುಟ್ಟಿಗೆ ಮುಟ್ಟಿಸ್ಕೊಂಡ ಹೋಗು. ಉಣ್ಣೂದಿಲ್ಲಂತ ಹ್ಯಾಂಗಂತಾಳ ನೋಡೂನು."

ಹಾಗೆಯೇ ಮಾಡಿದೆ. ದಿನಾ ಎರಡು ಹೊತ್ತು ಅವ್ವ ಕಣ್ಣಿಗೊತ್ತಿಕೊಂಡು ಉಂಡಳು. ಶನಿವಾರ, ಭಾನುವಾರದ ರಜೆ ಬಿಟ್ಟು ಐದು ದಿನ ಖಾಲಿ ಹೋಗಿ, ರಕ್ತ ಏರಿದ ಮೇಲೆ 29ರಂದು ಹದಿಮೂರನೆಯ ಗೆರೆ ಎಳೆದೆ. ಡಿಸೆಂಬರ್ 15ಕ್ಕೆ ಇಪ್ಪತ್ತೈದು. ಆಮೇಲೆ ಒಳಗಿನಿಂದ ಕೊಡುವ ಕಿರಣ ಮೂರು ಸಲ.

ಮೊನ್ನೆ, 2011ರ ಡಿಸೆಂಬರ್‌ನಲ್ಲಿ, ಐದು ವರ್ಷದ ತಪಾಸಣೆ ಆಯಿತು. ಗಡ್ಡೆಯ ಸುಳಿವಿಲ್ಲ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಉರಿಮೂತ್ರದ ತೊಂದರೆ ಉಳಿದಿದೆ; ಅದನ್ನೂ ಬರೆಯಬೇಕು. ಡಾಕ್ಟರ ಕೈಗೂ ನೀಲವ್ವನ ಕೈಗೂ ನಮಸ್ಕಾರ. ಇಬ್ಬರನ್ನೂ ಕಳಿಸಿದವಳು ಯಲ್ಲಮ್ಮನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಚಿಕಿತ್ಸೆಯಲ್ಲಿರುವ ತಾಯಂದಿರೇ, ದೇವಿಯ ಹೆಸರಿನಲ್ಲಿ ಹಸಿದಿರಬೇಡಿ.

ತಪಾಸಣೆ ಮುಗಿಸಿ ಬಸ್ಸಿಗೆ ನಿಂತಾಗ ಅವ್ವ, "ಭಾಳ ಹಶಿವಾಗೇತಿ, ಏನರ ತಿನ್ನೂನು ನಡಿ" ಎಂದಳು. ಆಗ ನನಗೆ ಅಳು ಬಂತು.