ಭಾವನ ಬೆನ್ನಿಗೊಂದು ಜೀಪು

ಪೆಟ್ರೋಲೂ ನೀಲಗಿರಿ ಎಣ್ಣೆಯೂ ಒಂದೇ ಟವಲಿನಲ್ಲಿ ಸೇರಿಕೊಂಡರೆ ಎಂಥ ವಾಸನೆ ಬರುತ್ತದೆಂಬುದು ನಿಮಗೆ ಗೊತ್ತಿರಲಾರದು; ಗೊತ್ತಾಗದೆಯೇ ಇರಲಿ ಎಂದು ಹಾರೈಸುತ್ತೇನೆ. ಇವತ್ತು ಸೋಮವಾರ, ನಾನು ವಕೀಲಿ ಮಾಡುವ ಕೋರ್ಟಿಗೆ ರಜೆ. ಮಳವಳ್ಳಿಯ ಅಕ್ಕನ ಮನೆಯಲ್ಲಿ ಮುಖ ತೊಳೆದುಕೊಂಡು ಗೂಟದ ಮೇಲಿದ್ದ ಟವಲನ್ನು ನೋಡದೆ ಎಳೆದುಕೊಂಡೆ. ಮುಖ ಒರೆಸುವ ಮೊದಲೇ ಮೂಗು ಎಲ್ಲವನ್ನೂ ಹೇಳಿಬಿಟ್ಟಿತು. ಅದು ಭಾವನ ಟವಲು. ಪೆಟ್ರೋಲು ಜೀಪಿನದು, ನೀಲಗಿರಿ ಎಣ್ಣೆ ಬೆನ್ನಿನದು. ಆ ಬೆನ್ನಿಗೂ ಆ ಜೀಪಿಗೂ ಸಂಬಂಧ ಕುದುರಿಸಲು ಹೋಗಿ ನನ್ನ ಮರ್ಯಾದೆ ಹೋದ ದಿನವೇ ನೆನಪಾಯಿತು.

ನಮ್ಮ ಭಾವ ಡಾಕ್ಟರು. ಮಳವಳ್ಳಿಯಲ್ಲಿ ಸಣ್ಣ ಔಷಧಶಾಲೆ ಇಟ್ಟುಕೊಂಡಿದ್ದಾರೆ. ಸೋಮವಾರ ಮಾತ್ರ ಅದಕ್ಕೆ ಬೀಗ. ಆ ದಿನ ಹಲಗೂರಿನ ಆಚೆಯ ಹಳ್ಳಿಗಳಿಗೆ ಹೋಗಿ ಯಾರದಾದರೂ ಜಗಲಿಯ ಮೇಲೆ ಕುಳಿತು ಔಷಧ ಕೊಟ್ಟು ಬರುವುದು ಅವರ ಪದ್ಧತಿ. ಆ ಹಳ್ಳಿಗಳಿಗೆ ಇನ್ನೊಬ್ಬ ಡಾಕ್ಟರಿಲ್ಲ. ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಹದಿನೈದು ವರ್ಷ ಗಾಡಿ ಅವರನ್ನು ಕುಲುಕಿತು. ಹದಿನಾರನೆಯ ವರ್ಷ ಬೆನ್ನು ಕೈಕೊಟ್ಟಿತು. ಬಗ್ಗಿದರೆ ಏಳಲಾಗದು, ಎದ್ದರೆ ಕೂರಲಾಗದು. ರೋಗಿಗಳ ನಾಡಿಯನ್ನು ನಿಂತೇ ನೋಡತೊಡಗಿದರು. ಬೆಂಗಳೂರಿನ ದೊಡ್ಡ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಇನ್ನು ಎತ್ತಿನ ಗಾಡಿ ಹತ್ತಿದರೆ ಹಾಸಿಗೆಯೇ ಗತಿ ಎಂದರು. ಅಕ್ಕನಿಗೆ ಅಷ್ಟು ಸಾಕಾಯಿತು.

"ಬೆನ್ನಿಗೆ ಒಗ್ಗೋ ಗಾಡಿ ಸಿಕ್ಕಿದ್ರೆ ಹೋಗಿ. ಸಿಕ್ಕದಿದ್ರೆ ಸೋಮವಾರದ ಓಡಾಟ ಇವತ್ತಿಗೆ ನಿಂತಿತು ಅಂತ ಹಲಗೂರಿಗೆ ಹೇಳಿ ಕಳಿಸ್ತೀನಿ," ಎಂದಳು.

ಭಾವ ಆ ದಿನ ಊಟದಲ್ಲಿ ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಅವರ ಮಟ್ಟಿಗೆ ಅದು ಗೋಳಾಡಿ ಅತ್ತ ಹಾಗೆ.

ಎರಡನೆಯ ಮಹಾಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಮಿಲಿಟರಿಯವರು ಬಳಸಿ ಬಿಟ್ಟ ಕಂಬಳಿ, ಬೂಟು, ಬಕೆಟ್ಟುಗಳೆಲ್ಲ ಹರಾಜಾಗಿ ಊರೂರಿಗೆ ಬರುತ್ತಿದ್ದವು. ಅವುಗಳ ಜೊತೆಗೆ ಜೀಪುಗಳೂ ಬಂದವು. ಉಳಿದ ಮೋಟಾರುಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗೆ ಮಾತ್ರ. ಜೀಪಿನಲ್ಲಿ ಸಣ್ಣದೊಂದು ಸನ್ನೆಗೋಲು ಎಳೆದರೆ ನಾಲ್ಕಕ್ಕೂ ಹೋಗುತ್ತದೆ. ಕೆಸರಿನಲ್ಲಿ ಹಿಂದಿನವು ಸುಮ್ಮನೆ ಸುತ್ತುತ್ತಿದ್ದರೆ ಮುಂದಿನವು ಎಳೆದುಕೊಂಡು ಹೋಗುತ್ತವೆ. ಹಲಗೂರಿನ ಆಚೆ ಹಳ್ಳ ಇಳಿದು ಹತ್ತುವವನಿಗೆ ಬೇರೆ ಗಾಡಿಯೇ ಇಲ್ಲ. ಮದ್ದೂರಿನ ಕಂಟ್ರಾಕ್ಟರೊಬ್ಬರ ಹತ್ತಿರ ಅಂಥವು ಎರಡಿವೆಯೆಂದು ಸುದ್ದಿ ಬಂತು.

ನನ್ನ ವಿಷಯ ಹೇಳಲಿಲ್ಲ. ಆಗ ತಾನೇ ಮೈಸೂರಿನ ಕಾಲೇಜಿನಿಂದ ಹೊರಬಿದ್ದಿದ್ದೆ. ದೇವರಿದ್ದಾನೆಂದು ವಾದಿಸಿ ಒಂದು ಪದಕ, ಇಲ್ಲವೆಂದು ವಾದಿಸಿ ಇನ್ನೊಂದು ಪದಕ ಗೆದ್ದಿದ್ದೆ. ಎರಡೂ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಜಗಳವಿಲ್ಲದೆ ಮಲಗಿದ್ದವು. ಮಂಗಳವಾರ ಹೊರಟರೆ ಏನಾಗುತ್ತದೆ, ಹಲ್ಲಿ ಬಿದ್ದರೆ ಏನಾಗುತ್ತದೆ ಎಂದು ಅಕ್ಕನನ್ನು ಪಾಟೀ ಸವಾಲಿಗೆ ಎಳೆಯುವುದೇ ನನ್ನ ಉದ್ಯೋಗ. "ನಿನ್ನ ಬಾಯಿಗೆ ಊಟ ಹಾಕಿ ಹಾಕಿ ಸಾಕಾಗಿದೆ," ಎಂದಳು ಅವಳು. "ಒಂದು ದಿನ ಅದರಿಂದ ಉಪಯೋಗ ಆಗ್ಲಿ. ಹೋಗು ಇವರ ಜೊತೆ."

ಮದ್ದೂರಿಗೆ ಬಸ್ಸಿನಲ್ಲಿ ಹೋದೆವು. ಭಾವ ಉದ್ದಕ್ಕೂ ನಿಂತಿದ್ದರು. ಸೀಟು ಖಾಲಿ ಇದ್ದುದರಿಂದ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅಲ್ಲಿ ನಮಗಾಗಿ ಬೋರಯ್ಯ ಕಾದಿದ್ದ. ಹೊಳಲಿನವನು, ಯುದ್ಧದಲ್ಲಿ ಮಿಲಿಟರಿ ಲಾರಿ ಹೊಡೆದು ಬಂದವನು. ಗಾಡಿ ಸಿಕ್ಕರೆ ಡ್ರೈವರಾಗುವ ಮಾತಿತ್ತು. ಅವನು ಓದಿದ್ದು ಮೂರನೆಯ ಕ್ಲಾಸು. ಹೀಗಾಗಿ ಅವನ ಅಭಿಪ್ರಾಯ ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ರೈಲು ನಿಲ್ದಾಣದ ಹಿಂದಿನ ಬಯಲಿನಲ್ಲಿ ಎರಡು ಜೀಪುಗಳು ನಿಂತಿದ್ದವು. ಒಂದಕ್ಕೆ ಹೊಸದಾಗಿ ಹಸಿರು ಬಣ್ಣ. ಅದರ ಸೀಟು ತೆಗೆಸಿ, ಯಾವುದೋ ದೊಡ್ಡ ಕಾರಿನ ಮೆತ್ತನೆಯ ಸೀಟು ಕೂರಿಸಿದ್ದರು. ಇನ್ನೊಂದರ ಬಣ್ಣ ಕಜ್ಜಿಯ ನಾಯಿಯ ಮೈಯಂತೆ ಎದ್ದುಹೋಗಿತ್ತು. ಅದರ ಸೀಟೆಂದರೆ ಕಬ್ಬಿಣದ ಚೌಕಟ್ಟಿಗೆ ಬಿಗಿದ ಕ್ಯಾನ್ವಾಸು.

"ಕೂತು ನೋಡಿ ಡಾಕ್ಟ್ರೇ, ಹಸಿರುದ್ರಲ್ಲಿ," ಎಂದರು ಕಂಟ್ರಾಕ್ಟರು. "ಮಾವನ ಮನೆ ಸುಪ್ಪತ್ತಿಗೆ!"

ಬೋರಯ್ಯ ಹಸಿರು ಜೀಪಿನ ಅಡಿಗೆ ನುಸುಳಿ ಅಂಗಾತ ಮಲಗಿದ. ನಾನು ಗಂಟಲು ಸರಿಮಾಡಿಕೊಂಡೆ.

"ಭಾವ, ಬೆನ್ನಿಗೆ ನೋವು ಕೊಡೋದು ಪೆಟ್ಟು. ಪೆಟ್ಟನ್ನ ನುಂಗೋದು ಮೆತ್ತೆ. ಆದ್ದರಿಂದ ಮೆತ್ತೆ ಹೆಚ್ಚಿದಷ್ಟೂ ನೋವು ಕಡಿಮೆ. ಇದು ಮೊದಲನೆಯ ಅಂಶ."

"ಬುದ್ಯೋರೇ, ಒಂದ್ ಮಾತು..." ಎಂದಿತು ಜೀಪಿನ ಅಡಿಯಿಂದ ಬೋರಯ್ಯನ ದನಿ.

"ತಾಳಯ್ಯ. ಎರಡನೆಯ ಅಂಶ..."

ನಿಮ್ಮ ತಾಳ್ಮೆಯನ್ನು ನಾನು ಪರೀಕ್ಷಿಸುವುದಿಲ್ಲ, ಅಂಶಗಳು ಏಳಿದ್ದವು. ಐದನೆಯದರ ಹೊತ್ತಿಗೆ ಕಂಟ್ರಾಕ್ಟರು ತಲೆದೂಗುತ್ತಿದ್ದರು. ಎದುರಾಳಿ ತಲೆದೂಗುವಾಗ ಅನುಮಾನ ಪಡಬೇಕೆಂದು ಚರ್ಚಾಕೂಟದಲ್ಲಿ ನಮಗೆ ಕಲಿಸಿರಲಿಲ್ಲ. ಏಳನೆಯದು ಮುಗಿದಾಗ ಭಾವ ಹಸಿರು ಜೀಪು ಹತ್ತಿ ಕೂತರು. ಕೂತರು ಎನ್ನುವುದಕ್ಕಿಂತ ಮುಳುಗಿದರು. ಮೊಣಕಾಲು ಎದೆಯ ಮಟ್ಟಕ್ಕೆ ಬಂತು. "ಆಹಾ," ಎಂದು ಕಣ್ಣು ಮುಚ್ಚಿದರು. ನಾನು ಬೋರಯ್ಯನ ಕಾಲುಗಳ ಕಡೆ ಗೆದ್ದವನಂತೆ ನೋಡಿದೆ, ಕಾಣುತ್ತಿದ್ದದ್ದು ಅಷ್ಟೇ.

ಆಮೇಲೆ ಭಾವ ಏಳಲು ಹೋದರು. "ಅಯ್ಯಪ್ಪಾ!" ಎಂದವರು ಅರ್ಧ ಎದ್ದ ಭಂಗಿಯಲ್ಲೇ ಉಳಿದುಬಿಟ್ಟರು. ಬೆನ್ನು ಹಿಡಿದುಕೊಂಡಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಜೀಪಿಗೆ ಬಾಗಿಲಿಲ್ಲ. ಮದ್ದೂರಿನ ಜನಕ್ಕೆ ನೋಡಲು ಯಾವ ಅಡ್ಡಿಯೂ ಇರಲಿಲ್ಲ. ಹತ್ತು ಜನ ಸೇರಿದರು. ವೀಳ್ಯದೆಲೆಯ ಬುಟ್ಟಿ ಹೊತ್ತ ಒಬ್ಬ ಮುದುಕಿ ಬುಟ್ಟಿ ಇಳಿಸದೆಯೇ ರೋಗ ನಿರ್ಣಯಿಸಿದಳು: "ಉಳುಕು ಕಣ್ರಪ್ಪಾ ಇದು. ಕಾಲು ಮುಂದಾಗಿ ಉಟ್ಟೋರ ಕೈಲಿ ಒದುಸ್ಬುಡಿ, ಬುಟ್ಕೊತದೆ. ಯಾರಾರ ಇದ್ದೀರೇನ್ರಪ್ಪಾ?"

ಇಲ್ಲಿ ನಿಮಗೊಂದು ಗುಟ್ಟು ಹೇಳಲೇಬೇಕು. ಎಲ್ಲರೂ ತಲೆ ಮುಂದಾಗಿ ಹುಟ್ಟಿದರೆ ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ದೊಡ್ಡ ನಂಬಿಕೆ. ಚಿಕ್ಕಂದಿನಲ್ಲಿ ಬೆಳಗಾದರೆ ನಮ್ಮ ಜಗಲಿಯ ಮೇಲೆ ಯಾರಾದರೊಬ್ಬರು ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ನಾನು ಒದ್ದು ಬಾಳೆಹಣ್ಣು ತೆಗೆದುಕೊಂಡು ಶಾಲೆಗೆ ಹೋಗುತ್ತಿದ್ದೆ. ಊರಿನ ಪಟೇಲರನ್ನು ಒದ್ದು ನಮಸ್ಕಾರ ಮಾಡಿಸಿಕೊಂಡ ಹುಡುಗ ನಾನೊಬ್ಬನೇ ಇರಬೇಕು. ಕಾಲೇಜು ಸೇರಿದ ಮೇಲೆ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡತೊಡಗಿದೆ, ಹುಟ್ಟಿದ ಬಗೆಯನ್ನು ಮುಚ್ಚಿಟ್ಟೆ. ಮದ್ದೂರಿನಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ, ಒಬ್ಬರಿಗೆ ಬಿಟ್ಟು.

"ಲೋ," ಎಂದರು ಭಾವ, ಹಲ್ಲು ಕಚ್ಚಿಕೊಂಡು.

ನಾನು ಆಕಾಶ ನೋಡಿದೆ.

"ಲೋ, ನಿನ್ನನ್ನೇ ಕಣೋ. ನೀನು ಹುಟ್ಟಿದ್ದು ಹೇಗೆ ಅಂತ ನಿಮ್ಮಕ್ಕ ಹೇಳಿದಾಳೆ."

"ಭಾವ, ನೀವೊಬ್ಬ ಡಾಕ್ಟರು! ಇದಕ್ಕೆ ಶಾಸ್ತ್ರೀಯವಾದ ಆಧಾರ..."

"ನಿನ್ನ ವಾದ ಕೇಳೋಕೆ ನನ್ನ ಬೆನ್ನಿಗೆ ಕಿವಿ ಇಲ್ಲ. ಒದಿ!"

ಬೋರಯ್ಯ ಹೊರಗೆ ಬಂದು ಭಾವನ ಕಾಲುಗಳನ್ನು ಮೆಲ್ಲಗೆ ಎತ್ತಿ ಹೊರಗೆ ಇಳಿಬಿಟ್ಟ. ಅವರ ಬೆನ್ನು ನನ್ನ ಕಡೆಗಾಯಿತು. ನಾನು ಆಚೆ ಬದಿಯಿಂದ ಹತ್ತಿ, ಬೂಟು ಕಳಚಿ, ತತ್ವಕ್ಕೂ ಭಾವನಿಗೂ ನೋವಾಗದ ಹಾಗೆ ಪಾದ ಮುಟ್ಟಿಸಿದೆ.

"ಒದಿ ಅಂದ್ರೆ ಕಾಲ್ ಒರುಸ್ತಾವ್ನೆ ನೋಡು," ಎಂದಳು ಮುದುಕಿ. "ಓದಿದ್ ಉಡ್ಗ. ಒದಿಯಾಕೂ ಪುಸ್ತಕ ನೋಡ್ಬೇಕೇನೋ!"

ಜನ ನಕ್ಕರು. ನನಗೆ ರೇಗಿತು. ಆ ಎರಡನೆಯ ಒದೆತ ವಿಚಾರವಾದದ ಚೌಕಟ್ಟಿನೊಳಗೆ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಭಾವ ಸೀಟಿನಿಂದ ಹಾರಿ ಬೋರಯ್ಯನ ತೋಳಿಗೆ ಬಿದ್ದರು. ಆಮೇಲೆ ಭಾವ ನೆಟ್ಟಗೆ ನಿಂತರು.

"ಇದರಲ್ಲಿ ಪವಾಡವೇನೂ ಇಲ್ಲ," ಎಂದು ನಾನು ಅಲ್ಲಿಂದಲೇ ಜನಕ್ಕೆ ವಿವರಿಸಿದೆ. "ಮೆತ್ತೆಯೊಳಗೆ ಸಿಕ್ಕಿಕೊಂಡಿದ್ದರು, ಹೊರಗೆ ತಳ್ಳಿದ್ದರಿಂದ ಬಿಡುಗಡೆಯಾಯಿತು. ಕಾಲು ಯಾರದಾದರೂ ಆಗಬಹುದಿತ್ತು."

"ಅಂಗಾದ್ರೆ ಅವರವರ ಕಾಲ್ ಅವರವರ ತಾವೇ ಇತ್ತಲ್ಲಪ್ಪ. ನಿಂದೇ ಯಾಕ್ ಬೇಕಾಯ್ತು?" ಎಂದು ಮುದುಕಿ ಬುಟ್ಟಿಯೊಡನೆ ನಡೆದಳು. ನಾನು ಸೋತ ಚರ್ಚೆಗಳಲ್ಲಿ ಅಷ್ಟು ಚಿಕ್ಕದು ಇನ್ನೊಂದಿಲ್ಲ.

ನಾನು ಕೆಳಗಿಳಿದು ಬೂಟು ಹಾಕಿಕೊಳ್ಳತೊಡಗಿದೆ. ಆ ಬಿಡುವಿನಲ್ಲಿ ಬೋರಯ್ಯ ಕೈಯ ಧೂಳು ಕೊಡವಿಕೊಂಡ. "ಈಗ ಯೋಳ್ಬೋದಾ ಡಾಕ್ಟ್ರೇ? ಸೀಟು ಅಂದ್ರೆ ಕೂರೋದ್ ನೋಡ್ಬಾರ್ದು, ಏಳೋದ್ ನೋಡ್ಬೇಕು. ಅಳ್ಳಿ ಮ್ಯಾಲ್ ಓದ್ರೆ ಇಪ್ಪತ್ ಕಿತ ಇಳೀತೀರಿ, ಇಪ್ಪತ್ ಕಿತ ಅತ್ತೀರಿ. ಇದ್ರಾಗೆ ವಾರ ವಾರ ಇವರ್ನ ಕರ್ಕೊಂಡೋಗಿ ಒದುಸ್ಕೋಬೇಕಾಯ್ತದೆ. ಇನ್ನೊಂದು, ಇದ್ರ ಅಡೀಲಿ ಮುಂದಲ್ ಗಾಲಿಗೆ ಓಗೋ ದಂಡ್ವೇ ಇಲ್ಲ. ಬಿಚ್ಚಾಕವ್ರೆ. ಅಳ್ಳಕ್ ಇಳಿದ್ರೆ ಅಲ್ಲೇ ಸಂಸಾರ ಮಾಡ್ಬೇಕು."

ಈಗ ಆಕಾಶ ನೋಡುವ ಸರದಿ ಕಂಟ್ರಾಕ್ಟರದಾಯಿತು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ನಾನು ಕೇಳಿದೆ.

"ಬುದ್ಯೋರು ಉಸುರು ತಕ್ಕೊಳ್ಲಿ ಅಂತ ಕಾಯ್ತಿದ್ದೆ."

ಅವನು ಬಣ್ಣ ಹೋದ ಜೀಪಿನ ಹತ್ತಿರ ಹೋಗಿ, ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಒರಗಿಗೆ, ಸೊಂಟ ಬರುವ ಕಡೆ ಕಟ್ಟಿದ. ಭಾವನನ್ನು ಕೂರಿಸಿದ. ಗಟ್ಟಿ ಸೀಟು, ನೆಟ್ಟನೆಯ ಒರಗು, ಪಾದ ಪೂರ್ತಿ ನೆಲಹಲಗೆಗೆ. ಮುಂದಿನ ಕಬ್ಬಿಣದ ಹಿಡಿ ಹಿಡಿದುಕೊಂಡರೆ ಬಗ್ಗದೆ ಇಳಿಯಬಹುದು. ಹತ್ತು ಸಲ ಹತ್ತಿಸಿ ಇಳಿಸಿದ. ನಾನೂ ಎಣಿಸಿದೆ, ಬೇರೆ ಕೆಲಸವಿರಲಿಲ್ಲ. ಹನ್ನೊಂದನೆಯ ಸಲ ಹತ್ತಿದ ಭಾವ ಇಳಿಯಲೇ ಇಲ್ಲ. "ಬೋರಯ್ಯ, ಹಳ್ಳದವರೆಗೂ ಹೋಗಿ ಬರೋಣ ನಡಿ," ಎಂದರು. ಅವರ ದನಿಯಲ್ಲಿ ಸಂಕ್ರಾಂತಿಯ ಹುಡುಗನ ಸಡಗರವಿತ್ತು. ನಾನು ಹಿಂದೆ ಕುಳಿತೆ. ಹಿಂದಿನ ಸೀಟಿನ ವಿಷಯ ಯಾರೂ ಚರ್ಚಿಸಿರಲಿಲ್ಲ.

ಭಾವನ ಬೆನ್ನು ವಾಸಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಇನ್ನೂ ಇದೆ, ಎಣ್ಣೆಯೂ ಇದೆ. ಆದರೆ ಸೋಮವಾರಗಳು ನಿಲ್ಲಲಿಲ್ಲ. ಬೋರಯ್ಯ ನನಗೂ ಗಾಡಿ ಕಲಿಸಿದ. ಪಾಠದ ಹೊತ್ತಿನಲ್ಲಿ ಪ್ರಶ್ನೆ ಕೇಳಬಾರದೆಂಬ ಷರತ್ತು ಹಾಕಿದ್ದ. ಇವತ್ತು ಅವನ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದುದರಿಂದ ಭಾವನನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಹಲಗೂರು ದಾಟಿದ ಮೇಲೆ ದಾರಿಯಲ್ಲಿ ಅಕ್ಕಪಕ್ಕ ಎರಡು ಗುಂಡಿಗಳಿದ್ದವು. ಎಡದ್ದು ಕಿರಿದು, ಆಳ. ಬಲದ್ದು ಅಗಲ, ನೀರು ತುಂಬಿ ತಳ ಕಾಣದು. ಒಂದೊಂದರ ಪರವಾಗಿಯೂ ನಾನು ಅರ್ಧ ಗಂಟೆ ಮಾತಾಡಬಲ್ಲೆ. ಆದರೆ ಪಕ್ಕದಲ್ಲಿ ಒಂದು ಬೆನ್ನು ಕೂತಿರುವಾಗ ಅಷ್ಟು ಹೊತ್ತು ಎಲ್ಲಿದೆ? ಇಳಿದು, ಕೋಲಿನಿಂದ ತಳ ಅಳೆದು ಬಂದು, ನಾಲ್ಕೂ ಗಾಲಿಯ ಸನ್ನೆಗೋಲು ಎಳೆದು, ಬಲಗಡೆಗೆ ಮೆಲ್ಲಗೆ ಇಳಿಸಿದೆ, ಮೆಲ್ಲಗೆ ಹತ್ತಿಸಿದೆ. ಬಲಗಡೆಯೇ ಏಕೆ ಎಂಬುದಕ್ಕೆ ಮೂರು ಒಳ್ಳೆಯ ಕಾರಣಗಳನ್ನು ಜೋಡಿಸಿಕೊಂಡು ಭಾವನ ಕಡೆ ತಿರುಗಿದೆ. ಅವರು ನೆಟ್ಟಗೆ ಕೂತ ಹಾಗೆಯೇ, ಬಾಯಿ ತುಸು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು.

ಮೊದಲ ಹಳ್ಳಿಯ ಜಗಲಿ ಬರುವವರೆಗೂ ಆ ಮೂರನ್ನೂ ಬಾಯಲ್ಲೇ ಇಟ್ಟುಕೊಂಡು, ನಿಧಾನವಾಗಿ ಗಾಡಿ ನಡೆಸಿದೆ.