ಅಂಜಿನಪ್ಪ ಕಟ್ಟಿಸಿದ ಗೇಟು

೧೯೯೪ರಲ್ಲಿ ನಾನು ಅಬಕಾರಿ ಇನ್ಸ್‌ಪೆಕ್ಟರ್ ಆಗಿ ಜೆ.ಪಿ. ನಗರದ ಕಡೆಗೆ ವರ್ಗವಾಗಿ ಬಂದೆ. ಅಬಕಾರಿ ಎಂದರೆ ಸಾರಾಯಿ, ಬೀರು, ವಿಸ್ಕಿ ಮಾರುವ ಜಾಗಗಳ ಮೇಲೆ ಸರ್ಕಾರ ಇಟ್ಟಿರುವ ಕಣ್ಣು. ಈ ಕೆಲಸದವನಿಗೆ ಮಗಳನ್ನು ಕೊಡುವಾಗ ನಮ್ಮ ಮಾವ "ಕುಡಿಯೋದಿಲ್ಲ ತಾನೇ?" ಎಂದು ಮೂರು ಸಲ ಕೇಳಿದ್ದರು. ಕುಡಿಯುವುದಿಲ್ಲ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಕುಡಿಯುವವರನ್ನು ನೋಡಿಯೇ ಸಾಕಾಗಿಹೋಯಿತು.

ಜರಗನಹಳ್ಳಿಯ ಹತ್ತಿರ, ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ, ಆಗ ಒಂದು ಪಬ್ ಇತ್ತು. ಬೋರ್ಡಿನಲ್ಲಿ ಏನೋ ಇಂಗ್ಲಿಷ್ ಹೆಸರು. ಜನ ಕರೆಯುತ್ತಿದ್ದದ್ದು 'ಕಲ್ಲುಬೆಂಚು' ಎಂದು. ಬಾಗಿಲ ಮುಂದಿನ ಆ ಉದ್ದನೆಯ ಚಪ್ಪಡಿಯನ್ನು ಹಾಕಿಸಿದವರು ಮುನಿಯಪ್ಪ. ಸುತ್ತ ರಾಗಿ ಹೊಲವಿದ್ದ ಕಾಲದಲ್ಲಿ ಅಲ್ಲಿ ಸಾರಾಯಿ ಅಂಗಡಿ ಇಟ್ಟಿದ್ದವರು. ಹೊಲ ಸೈಟುಗಳಾದ ಮೇಲೆ ಅವರ ಮಗ ಅಂಜಿನಪ್ಪ ಬಾರ್ ಲೈಸೆನ್ಸ್ ತಂದರು. ಎಂ.ಜಿ. ರಸ್ತೆಯ ಪಬ್ಬುಗಳನ್ನು ನೋಡಿಬಂದು, ಪೀಪಾಯಿಯಿಂದ ಮಗ್ಗಿಗೆ ಬೀರು ಇಳಿಸುವ ನಲ್ಲಿ ಹಾಕಿಸಿದರು. ಹಿಂದುಗಡೆಯೇ ಮನೆ. ಅಡುಗೆಮನೆ ಅವರ ಹೆಂಡತಿ ಜಯಮ್ಮನವರದು. ತಪಾಸಣೆಗೆ ಹೋದಾಗ ನನಗೆ ಸಿಗುತ್ತಿದ್ದದ್ದು ಅವರ ಕೈಯ ಕಾಫಿ, ಜೊತೆಗೆ ಹುರಿದ ಕಡಲೇಕಾಯಿ. ನಿಜ ಹೇಳುತ್ತೇನೆ, ಇಡೀ ವಲಯದಲ್ಲಿ ನಾನು ಮುಖ ಗಂಟಿಕ್ಕದೆ ಒಳಗೆ ಹೋಗುತ್ತಿದ್ದದ್ದು ಅದೊಂದೇ ಜಾಗಕ್ಕೆ.

ಮಾರನೇ ವರ್ಷ ಬಡಾವಣೆಯವರ ಅರ್ಜಿಗಳು ಶುರುವಾದವು. ಸಂಜೆ ಗಿರಾಕಿಗಳು ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ, ಗಣಪತಿ ದೇವಸ್ಥಾನಕ್ಕೆ ಹೋಗುವ ಹೆಂಗಸರಿಗೆ ಮುಜುಗರ ಎಂದು ದೂರು. ಅರ್ಜಿಗಳ ಕೆಳಗೆ ಮೊದಲ ಸಹಿ ಯಾವಾಗಲೂ ದೇವಸ್ಥಾನದ ಕಾರ್ಯದರ್ಶಿ ಶ್ರೀಕಂಠಯ್ಯನವರದು. ಅವರು ಬ್ಯಾಂಕಿನಿಂದ ನಿವೃತ್ತರು, ಒಂದು ಅರ್ಜಿಗೆ ಮೂರು ಪ್ರತಿ ತರುವ ಪೈಕಿ. ಅಂಜಿನಪ್ಪ ನನ್ನ ಆಫೀಸಿಗೆ ಬಂದು ಮೇಜಿನ ಅಂಚು ಹಿಡಿದು ನಿಂತರು.

"ಏನ್ಮಾಡ್ಲಿ ಸಾರ್? ನಮ್ಮಪ್ಪನ ಕಾಲದಿಂದ ಇರೋ ಜಾಗ ಇದು. ಇವ್ರೆಲ್ಲ ಆಮೇಲೆ ಬಂದೋರು."

"ಜಗಳ ಆಡ್ಬೇಡಿ ಅಂಜಿನಪ್ಪ. ದೇವಸ್ಥಾನಕ್ಕೆ ಏನಾದ್ರೂ ಮಾಡ್ಕೊಡಿ. ತಾವಾಗೇ ಸುಮ್ಮನಾಗ್ತಾರೆ" ಎಂದೆ.

ಹೇಳಿದ್ದು ಇಷ್ಟೇ. ಅವರು ಹೋಗಿ ಶ್ರೀಕಂಠಯ್ಯನವರನ್ನೇ ಕೇಳಿದರು. ದೇವಸ್ಥಾನಕ್ಕೆ ಇದ್ದದ್ದು ಒಂದೇ ಗೇಟು, ಅದೂ ಹಿಂದಿನ ಗಲ್ಲಿಯಲ್ಲಿ. ಭಕ್ತರು ಮೂಲೆ ಸುತ್ತಿ ಹೋಗಬೇಕಿತ್ತು. ರಸ್ತೆಯ ಕಡೆಗೆ, ಪೂರ್ವಕ್ಕೆ, ಒಂದು ಗೇಟು ಬೇಕು ಎಂದರು. ಅಂಜಿನಪ್ಪ ಕಂಬ ನಿಲ್ಲಿಸಿ, ಕಮಾನು ಕಟ್ಟಿಸಿ, ಗೇಟು ಹಾಕಿಸಿಕೊಟ್ಟರು. ದೇವಸ್ಥಾನದವರು ಅಮೃತಶಿಲೆಯ ಫಲಕದಲ್ಲಿ ಅವರ ಹೆಸರು ಕೆತ್ತಿಸಿದರು. ಉದ್ಘಾಟನೆಗೆ ನಾನೂ ಹೋಗಿ ದೊನ್ನೆಯಲ್ಲಿ ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡೆ. ಅರ್ಜಿಗಳು ನಿಂತವು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಇಲ್ಲಿ ಒಂದು ನಿಯಮ ಹೇಳಬೇಕು. ಬಾರಿನ ಬಾಗಿಲಿನ ನಡುವಿನಿಂದ, ಜನ ಮಾಮೂಲಾಗಿ ನಡೆಯುವ ಹತ್ತಿರದ ದಾರಿಯಲ್ಲಿ, ದೇವಸ್ಥಾನದ ಅತಿ ಹತ್ತಿರದ ಗೇಟಿನ ನಡುವಿನವರೆಗೆ ನೂರು ಮೀಟರ್ ದೂರ ಇರಬೇಕು. ಗೋಡೆ ಹಾರಿ ಅಳೆಯುವಂತಿಲ್ಲ. ಗಲ್ಲಿಯ ಗೇಟಿಗೆ ಅಳೆದಾಗ ಕಲ್ಲುಬೆಂಚಿನಿಂದ ನೂರ ಮೂವತ್ತನಾಲ್ಕು ಮೀಟರ್ ಇತ್ತು. ಪ್ರತಿ ವರ್ಷ ಲೈಸೆನ್ಸ್ ನವೀಕರಿಸುವಾಗ ಹಳೆಯ ನಕ್ಷೆಯನ್ನೇ ಲಗತ್ತಿಸುತ್ತಿದ್ದೆವು. ಈ ನಿಯಮವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದ ನನಗೆ, ಹೊಸ ಗೇಟಿನ ಕೆಳಗೆ ನಿಂತು ಪುಳಿಯೋಗರೆ ತಿನ್ನುವಾಗ ಅದು ಹೊಳೆಯಲೇ ಇಲ್ಲ. ಥೂ, ಎಂಥ ಮಂಕು ಕವಿದಿತ್ತೋ!

೧೯೯೮ರಲ್ಲಿ ಅಂಜಿನಪ್ಪ ಹೃದಯಾಘಾತದಿಂದ ತೀರಿಕೊಂಡರು. ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಜಯಮ್ಮ ಅರ್ಜಿ ಹಾಕಿದರು. ಹೆಸರು ಬದಲಾಗುವಾಗ ಹಳೆಯ ನಕ್ಷೆ ನಡೆಯುವುದಿಲ್ಲ. ಸ್ಥಳಕ್ಕೆ ಹೋಗಿ, ಸಾಕ್ಷಿಗಳ ಎದುರು ಅಳೆದು, ಮಹಜರು ಬರೆಯಬೇಕು. ಫೈಲು ಮೇಜಿಗೆ ಬಂದ ಕ್ಷಣ ಎಲ್ಲ ಹೊಳೆಯಿತು. ಒಂದು ವಾರ ಫೈಲನ್ನು ಬೇರೆ ಫೈಲುಗಳ ಕೆಳಗೆ ತಳ್ಳುತ್ತಾ ಬಂದೆ. ಅದು ಎಲ್ಲಿಗೆ ಹೋದೀತು? ನಾನಾದರೂ ಎಲ್ಲಿಗೆ ಹೋಗಲಿ?

ಕೊನೆಗೆ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಐವತ್ತು ಮೀಟರಿನ ಟೇಪು ತೆಗೆದುಕೊಂಡು ಹೋದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನಮ್ಮ ಗಾರ್ಡ್ ನಂಜುಂಡನ ಕೈಯಲ್ಲಿ. ಜಯಮ್ಮ ಬಾಗಿಲಲ್ಲಿ ನಿಂತಿದ್ದರು. ಸಾಕ್ಷಿಗಳಲ್ಲಿ ಶ್ರೀಕಂಠಯ್ಯನವರೂ ಒಬ್ಬರು. ಐವತ್ತಕ್ಕೆ ಸೀಮೆಸುಣ್ಣದ ಗುರುತು ಹಾಕಿ ಮುಂದೆ ಹೋದೆವು.

"ತೊಂಬತ್ತೆರಡು ಸಾರ್" ಎಂದ ನಂಜುಂಡ.

"ಸರಿಯಾಗಿ ಹಿಡಿಯೋ!" ಎಂದು ರೇಗಿದೆ. ಪಾಪ, ಅವನು ಸರಿಯಾಗಿಯೇ ಹಿಡಿದಿದ್ದ. ಚರಂಡಿಯ ಆಚೆ ದಾಟಿಸಿ, ಟೇಪು ಸಡಿಲ ಬಿಟ್ಟು ಇನ್ನೊಮ್ಮೆ ಅಳೆದೆವು. ತೊಂಬತ್ತನಾಲ್ಕು. ಪಬ್ಬಿನ ಬಾಗಿಲನ್ನೇ ಬೇರೆ ಕಡೆ ಇಡಿಸೋಣವೆಂದರೆ ಎರಡೂ ಪಕ್ಕ ನೆರೆಯವರ ಗೋಡೆ, ಹಿಂದೆ ಮನೆ, ಅದರಾಚೆಗೂ ಗೋಡೆ. ನೂರ ನಾಲ್ಕು ಎಂದು ಬರೆದರೆ ಮುಂದೆ ಬರುವ ಅಧಿಕಾರಿ ಒಂದೇ ಗಂಟೆಯಲ್ಲಿ ಸುಳ್ಳು ಹಿಡಿಯುತ್ತಾನೆ. ನನ್ನ ಕೆಲಸವೂ ಹೋಗುತ್ತದೆ, ಆಕೆಯ ಲೈಸೆನ್ಸೂ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದೆ. ಅದನ್ನು ತಂದುಕೊಟ್ಟವನೂ ನಾನೇ.

ಆಗ ಶ್ರೀಕಂಠಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಆಫೀಸಿಗೆ ಮೂರು ಪ್ರತಿ ತರುತ್ತಿದ್ದ ಮನುಷ್ಯ ಹೀಗೆ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ.

"ಇನ್ಸ್‌ಪೆಕ್ಟರೇ, ಈ ಗೇಟನ್ನ ಮುಚ್ಚಿಬಿಟ್ರೆ? ಬೀಗ ಸಾಲದು ಅಂದ್ರೆ ಇಟ್ಟಿಗೆ ಇಟ್ಟು ಗೋಡೆ ಕಟ್ಟಿಸೋಣ. ಕಮಿಟಿಯವರನ್ನ ನಾನು ಒಪ್ಪಿಸ್ತೀನಿ. ನಾವು ಹಿಂದಿನ ಥರಾನೇ ಸುತ್ಕೊಂಡು ಹೋಗ್ತೀವಿ. ಆಯಮ್ಮ ಬದುಕ್ಲಿ."

ನನಗೆ ಹೋದ ಜೀವ ಬಂದಂತಾಯಿತು. ಗೋಡೆ ಎದ್ದರೆ ಗೇಟಿಲ್ಲ, ಮತ್ತೆ ನೂರ ಮೂವತ್ತನಾಲ್ಕು! ಹತ್ತು ದಿನ ಟೈಮ್ ಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಜಯಮ್ಮ ಮೆಟ್ಟಿಲಿಳಿದು ಬಂದರು.

"ಬೇಡ ಸ್ವಾಮಿ. ಅವ್ರು ಹೋಗಿ ಇನ್ನೂ ಮೂರು ತಿಂಗ್ಳಾಗಿಲ್ಲ. ಅವ್ರ ಹೆಸ್ರಿರೋ ಬಾಗ್ಲಿಗೆ ಇಟ್ಟಿಗೆ ಇಡ್ಸಿ, ನಾನು ಇಲ್ಲಿ ಕೂತ್ಕೊಂಡು ಬೀರು ಮಾರ್ಲಾ? ಸಾರ್, ಎಷ್ಟು ಬಂದಿದ್ಯೋ ಅಷ್ಟೇ ಬರ್ಕೊಳ್ಳಿ."

ಶ್ರೀಕಂಠಯ್ಯನವರು ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ತೊಂಬತ್ತೆರಡು ಎಂದು ಬರೆದೆ. ಅಂಜಿನಪ್ಪನವರಿಗೆ ಆ ಸಲಹೆ ಕೊಟ್ಟವನು ನಾನು ಎಂದು ಅಲ್ಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಧೈರ್ಯವಾಗಲಿಲ್ಲ. ಎರಡು ತಿಂಗಳಲ್ಲಿ ಪಬ್ ಮುಚ್ಚಿತು. ಕಟ್ಟಡ ಮಾರಾಟವಾಗಿ ಅಲ್ಲಿ ಟೈಲ್ಸ್ ಅಂಗಡಿ ಬಂತು. ಆ ಚಪ್ಪಡಿ ಏನಾಯಿತೋ ಗೊತ್ತಿಲ್ಲ.

ನಿವೃತ್ತನಾದ ಮಾರನೇ ವರ್ಷ, ೨೦೦೭ರಲ್ಲಿ, ಕೋಣನಕುಂಟೆಯಲ್ಲಿ ಜಯಮ್ಮ ಮೆಸ್ ನಡೆಸುತ್ತಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ತಲೆ ನರೆತಿತ್ತು, ನೋಡಿದ ತಕ್ಷಣ ಗುರುತು ಹಿಡಿದರು. ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ನಾನು ತಟ್ಟೆಗೆ ಕೈಹಾಕದೆ, ಒಂಬತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಗೊತ್ತು ಸಾರ್" ಎಂದರು. "ಆವತ್ತು ನಿಮ್ಮ ಆಫೀಸಿಂದ ಬಂದೋರೇ, 'ಸಾಹೇಬ್ರು ಒಳ್ಳೇ ದಾರಿ ತೋರ್ಸಿದ್ರು ಕಣೇ' ಅಂತ ಖುಷಿಯಾಗಿ ಹೇಳಿದ್ರು. ಅಳೆಯೋ ದಿನ ಗಾರ್ಡ್ ಮೇಲೆ ರೇಗಿ ಎರಡೆರಡು ಸಲ ಅಳೆದ್ರಲ್ಲ, ನಿಮ್ಮ ಸಂಕಟ ಗೊತ್ತಾಯ್ತು. ಎಲ್ರ ಮುಂದೆ ಯಾಕೆ ಹೇಳ್ಲಿ ಅಂತ ಸುಮ್ನಾದೆ. ಉಣ್ಣಿ, ಮುದ್ದೆ ಆರೋಗತ್ತೆ."

ನಿಯಮ ಬಲ್ಲವನು ಸ್ನೇಹದಿಂದ ಒಂದು ಮಾತು ಹೇಳುವಾಗಲೂ ಆ ನಿಯಮವನ್ನು ಮರೆಯಬಾರದು. ನನ್ನ ಕೆಲಸ ನನಗೆ ಕಲಿಸಿದ ಪಾಠ ಇದು. ಕಲಿತವನು ನಾನು, ಪೆನ್ಷನ್ ತೆಗೆದುಕೊಂಡು ಆರಾಮವಾಗಿದ್ದೇನೆ. ಅದಕ್ಕೆ ಬೆಲೆ ತೆತ್ತವರು ಜಯಮ್ಮ. ಅವತ್ತು ತಲೆ ತಗ್ಗಿಸಿಕೊಂಡೇ ಊಟ ಮುಗಿಸಿದೆ.