ಕಪ್ಪು ಗೆರೆಯಡಿಯ ಹೆಸರು

ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕೂತವಳನ್ನು ಕಚೇರಿಯವರೆಲ್ಲ ಉಯಿಲಕ್ಕ ಎಂದೇ ಕರೆಯುತ್ತಿದ್ದರು. ಉಯಿಲುಗಳು ಯಾಕೆ ಬಿದ್ದುಹೋಗುತ್ತವೆ ಎಂದು ಎಣಿಸಿ ನೋಡಲು ಹೊರಟ ಕಾನೂನು ಕಾಲೇಜಿನ ಪ್ರೊಫೆಸರು ಗಂಟುಬಿದ್ದದ್ದೂ ಅವಳಿಗೇ. ಎರಡು ವರ್ಷ ಅವಳು ಒಂದೂವರೆ ಸಾವಿರ ಉಯಿಲುಗಳ ನಕಲು ತೆಗೆದಳು. ಮನೆಮನೆಯ ಗುಟ್ಟು ಹೊರಬೀಳಬಾರದಲ್ಲ, ಪ್ರತಿ ನಕಲಿನ ಹೆಸರುಗಳ ಮೇಲೂ ದಪ್ಪ ಕಪ್ಪು ಪೆನ್ನು ಎಳೆದಳು. ಆಮೇಲೆ ಪಟ್ಟಿಯಲ್ಲಿ ಕಾರಣ ಬರೆದಳು: ಸಾಕ್ಷಿ ಒಬ್ಬನೇ. ತಿದ್ದಿದ್ದು. ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದದ್ದು. ಈ ಕೊನೆಯದ್ದೇ ಹೆಚ್ಚು.

"ಓದು ಬರಹ ಬಂದೋರೇ ಹಿಂಗೆ ಎಡವಟ್ಟು ಮಾಡ್ಕೊಂಡಿದಾರಲ್ಲೇ!" ಎಂದು ತಂಗಿಯ ಮುಂದೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು.

ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಮನೆ ಅಕ್ಕನ ಸಂಬಳದ್ದು, ತಂಗಿಗೆ ಬೇರೆ ಸೂರಿಲ್ಲ. ಉಯಿಲಿಲ್ಲದೆ ಅಕ್ಕ ಕಣ್ಣು ಮುಚ್ಚಿದರೆ ಅರ್ಧ ತಮ್ಮನ ಪಾಲು. ಅವನೋ, ಬಂದಾಗಲೆಲ್ಲ ಹಜಾರವನ್ನು ಹೆಜ್ಜೆಯಲ್ಲಿ ಅಳೆಯುವ ಗಿರಾಕಿ. ಹಾಗಾಗಿ ಉಯಿಲಕ್ಕ ಮನೆ ತಂಗಿಗೆಂದು ಬರೆದು, ಕಚೇರಿಯ ಇಬ್ಬರಿಂದ ಸಾಕ್ಷಿ ಹಾಕಿಸಿ, ಲಕೋಟೆಗೆ ಅಂಟು ಹಚ್ಚಿ ನಿಶ್ಚಿಂತಳಾಗಿದ್ದಳು.

ಉಯಿಲಕ್ಕನ ಹೃದಯದ ಶಸ್ತ್ರಚಿಕಿತ್ಸೆಗೆ ಇನ್ನೊಂದು ಗಂಟೆ ಇತ್ತು. ಆಸ್ಪತ್ರೆಯಲ್ಲಿ ಲಕೋಟೆ ಒಡೆದ ತಂಗಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು.

"ಅಕ್ಕಾ, ಮನೆ ಯಾರಿಗೆ ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಾ ಕಪ್ಪು."

ಬರೆದ ದಿನ ಮೇಜಿನ ಮೇಲೆ ನೂರಿಪ್ಪತ್ತು ನಕಲುಗಳಿದ್ದವು. ಅವುಗಳ ಜೊತೆಗೆ ಇದನ್ನೂ ಕೈ ತನ್ನಷ್ಟಕ್ಕೆ ಮುಗಿಸಿಬಿಟ್ಟಿತ್ತು. ಎಂಥ ಅಚ್ಚುಕಟ್ಟು ಎಂದರೆ, ಸ್ವಂತ ಸಹಿಯನ್ನೂ ಬಿಟ್ಟಿರಲಿಲ್ಲ.

"ಮೇಲೆ ಇನ್ನೊಂದ್ಸಲ ಹೆಸರು ಬರೆದ್ರೆ?"

"ತಿದ್ದಿದ್ದು ನಿಲ್ಲಲ್ಲ ಕಣೇ. ಬೇರೆ ಹಾಳೆ ಕೊಡು."

ಪಟ್ಟಿಯಲ್ಲಿ ಅತಿ ಹೆಚ್ಚು ಬಿದ್ದ ಸಾಲಿಗೆ ತಾನೇ ಸೇರುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ಬರೆದಳು. ನರ್ಸು ಒಬ್ಬಳು ಸಾಕ್ಷಿ. ಇನ್ನೊಬ್ಬರು ಬೇಕಲ್ಲ ಎನ್ನುವಾಗ ತಮ್ಮ ಹಣ್ಣಿನ ಚೀಲ ಹಿಡಿದು ಬಂದ.

"ಉಯಿಲು ಕಣೋ. ನಾನು ಸಹಿ ಹಾಕೋದು ನೋಡಿ, ನೀನೂ ಹಾಕು. ಬೇಕಾದ್ರೆ ಓದ್ಕೋ."

ತನ್ನನ್ನೇ ಕರೆದಳೆಂದ ಮೇಲೆ ಮನೆ ತನಗೇ ಎಂದುಕೊಂಡ ತಮ್ಮ ಉಬ್ಬಿಹೋದ. "ಓದೋದೇನು ಅಕ್ಕ, ನಿನ್ನ ಬುದ್ಧಿ ನಂಗೊತ್ತಿಲ್ವಾ?" ಎಂದು ಉದ್ದಕ್ಕೆ ಸಹಿ ಎಳೆದ. ಮುಂದೆ ತಕರಾರು ಎತ್ತಬೇಕಾದವನೇ ಅಕ್ಕನ ಬುದ್ಧಿ ನೆಟ್ಟಗಿತ್ತೆನ್ನಲು ಸಾಕ್ಷಿಯಾಗಿ ಕಾಫಿಗೆ ಹೋದ.

ಆಗ ಉಯಿಲಕ್ಕನಿಗೆ ಅಳು ಬಂತು.

"ಅಷ್ಟು ಜನರನ್ನ ನೋಡಿ ನಕ್ಕೆನಲ್ಲೇ. ಎಲ್ರೂ ಹೀಗೇ ಕೊನೇ ಗಳಿಗೇಲಿ ಬರೆದಿರ್ಬೇಕು."

ತಳ್ಳುಗಾಡಿ ಬಾಗಿಲಿಗೆ ಬಂತು. ಅವಳು ತಂಗಿಯ ಸೆರಗು ಹಿಡಿದಳು.

"ಹೆಸರು ಕಾಣ್ತಿದೆಯಾ? ಓದು."

ತಂಗಿ ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು.

"ಇನ್ನೊಂದ್ಸಲ," ಎಂದಳು ಅಕ್ಕ.